ಅತ್ತಿಗುಪ್ಪೆಗೆ ಬಂದ ಊಟದ ತಕ್ಕಡಿ

ಅತ್ತಿಗುಪ್ಪೆಯ ಹನುಮಕ್ಕನ ಸೊಸೆ ಪುಟ್ಟಲಕ್ಷ್ಮಿ ಆರು ತಿಂಗಳ ಬಸುರಿ. ಒಂದೇ ವಾರದಲ್ಲಿ ಎರಡು ಸಲ ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟಳು. ಹನುಮಕ್ಕ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು, ತಾಯಿತ ಕಟ್ಟಿಸಿದಳು. ಮನೆಯವರೆಲ್ಲ ಕೆಮ್ಮಿದ್ದೇ ಬಂತು, ತಲೆಸುತ್ತು ಮಾತ್ರ ನಿಲ್ಲಲಿಲ್ಲ. ಸೊಸೆಯೆಂದರೆ ಹನುಮಕ್ಕನಿಗೆ ಜೀವ. ಬರುವುದು ಮೊದಲ ಮೊಮ್ಮಗು ಬೇರೆ. ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು.

ಯುಗಾದಿ ಕಳೆದ ಮೇಲೆ ಊರಿಗೆ ಊಟದ ಸರ್ವೆಯವರು ಬಂದರು. ಯಾರು ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ಏಳು ದಿನ ಮನೆಗೇ ಬಂದು ತೂಗಿ ಬರೆದುಕೊಳ್ಳುವ ಕೆಲಸ. ಹನುಮಕ್ಕನ ಮನೆಗೆ ಬಂದವಳು ಅನಂತಲಕ್ಷ್ಮಿ. ಕಾಲೇಜು ಓದಿದವಳು, ಕೈಯಲ್ಲಿ ತಕ್ಕಡಿ, ಕಂಕುಳಲ್ಲಿ ಪುಸ್ತಕ.

ಸರ್ಕಾರದ ಪುಸ್ತಕದಲ್ಲಿ ತನ್ನ ಮನೆಯ ಹೆಸರಿನ ಮುಂದೆ ರಾಗಿಮುದ್ದೆ, ಸೊಪ್ಪು ಅಂತ ಬರೆದರೆ ಮಾನ ಉಳಿಯುತ್ತದೆಯೇ? ಹನುಮಕ್ಕ ಹಬ್ಬಕ್ಕೆಂದು ಎತ್ತಿಟ್ಟಿದ್ದ ಬಿಳಿ ಅಕ್ಕಿಯನ್ನು ಹೊರಗೆ ತೆಗೆದಳು. ರಾಗಿಹಿಟ್ಟಿನ ಮಡಕೆಗೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದಳು.

"ನಮ್ಮನೇಲಿ ಎರಡು ಹೊತ್ತೂ ಅನ್ನವೇ ಕಣವ್ವ. ಬರ್ಕೊ," ಎಂದಳು. ಅನಂತಲಕ್ಷ್ಮಿ ಅಕ್ಕಿ ತೂಗಿದಳು, ಬರೆದುಕೊಂಡಳು.

ಎರಡು ದಿನ ನಾಟಕ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಹನುಮಕ್ಕನ ಗಂಡ ಮುನಿಯಪ್ಪ ಹೊಲ ಉಳುತ್ತಿದ್ದವನು ನೇಗಿಲು ಬಿಟ್ಟು ನೆಟ್ಟಗೆ ಅಡಿಗೆಮನೆಗೇ ನುಗ್ಗಿದ.

"ಲೇ ಇವಳೇ, ಇನ್ನೆಷ್ಟು ದಿನ ಈ ಅನ್ನ? ಉಂಡು ಎರಡು ಸಾಲು ಉಳೋದ್ರೊಳಗೆ ಹೊಟ್ಟೆ ತಾಳ ಹಾಕ್ತದೆ. ನಂಗೆ ಮುದ್ದೆ ಇಕ್ಕು!"

ಒಲೆಯ ಪಕ್ಕದಲ್ಲೇ ಅನಂತಲಕ್ಷ್ಮಿ ಕೂತಿದ್ದಳು. ಹನುಮಕ್ಕ ಕಣ್ಣು ಬಿಟ್ಟು ಸನ್ನೆ ಮಾಡಿದರೂ ಆ ಮನುಷ್ಯನಿಗೆ ಅರ್ಥವಾಗಲಿಲ್ಲ. ಗೋಣಿಚೀಲ ಎತ್ತಿ, "ಹಿಟ್ಟು ಇಲ್ಲೇ ಐತಲ್ಲ!" ಎಂದು ಕೂಗಿದ. ಪುಟ್ಟಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅನಂತಲಕ್ಷ್ಮಿಗೂ ನಗು ತಡೆಯಲಾಗಲಿಲ್ಲ.

"ಹನುಮಕ್ಕ, ನಾನು ಬಂದಿರೋದು ನಿಮ್ಮ ದಿನದ ಊಟ ಬರೆಯೋಕೆ, ಹಬ್ಬದ ಊಟ ಅಲ್ಲ. ನೀವು ಹಿಂಗೆ ಮುಚ್ಚಿಟ್ರೆ, ಅತ್ತಿಗುಪ್ಪೆಯೋರು ರಾಗೀನೇ ತಿನ್ನಲ್ಲ ಅಂತ ನಮ್ಮ ಲೆಕ್ಕ ಹೇಳುತ್ತೆ. ಅದರಿಂದ ಯಾರಿಗೆ ಒಳ್ಳೇದು? ರಾಗಿ, ಹುರುಳಿಕಾಳು, ಸೊಪ್ಪು ಅಂದ್ರೆ ಕೀಳು ಅಂತ ಯಾರು ಹೇಳಿದ್ದು? ಮೂಳೆ ಗಟ್ಟಿ ಆಗೋದು, ರಕ್ತ ಊರೋದು ಅದರಿಂದಲೇ."

"ಹೌದೇನವ್ವ? ನೀವು ಪ್ಯಾಟೆಯೋರು ನಗ್ತೀರೇನೋ ಅಂದ್ಕೊಂಡೆ," ಎಂದು ಹನುಮಕ್ಕ ಪೆಚ್ಚಾದಳು.

ಹಳೆಯ ಹಾಳೆಗೆ ಗೀಟು ಬಿತ್ತು. ಮಾರನೆಯ ದಿನದಿಂದ ಲೆಕ್ಕ ಹೊಸದಾಗಿ ಶುರುವಾಯಿತು. ಒಲೆಯ ಮೇಲೆ ಬಸ್ಸಾರು ಘಮಘಮಿಸಿತು. ಮುನಿಯಪ್ಪ, ಮಗ ನಾಗರಾಜು ಇಬ್ಬರೂ ಉಂಡೆದ್ದರು. ಆಮೇಲೆ ಹನುಮಕ್ಕ ಉಂಡಳು. ಪಾತ್ರೆಯ ತಳ ಕೆರೆದು ಕೊನೆಗೆ ತಟ್ಟೆ ಹಿಡಿದವಳು ಪುಟ್ಟಲಕ್ಷ್ಮಿ.

"ಒಂದು ನಿಮಿಷ ತಂಗಿ," ಎಂದು ಅನಂತಲಕ್ಷ್ಮಿ ಆ ತಟ್ಟೆ ಇಸಿದುಕೊಂಡಳು. ಅರ್ಧ ಮುದ್ದೆ, ನೀರಿನಂಥ ಸಾರು. ಸೊಪ್ಪಿನ ಪಲ್ಯ ಖಾಲಿಯಾಗಿತ್ತು. ರಾತ್ರಿಗೆಂದು ಎತ್ತಿಟ್ಟಿದ್ದ ಮುನಿಯಪ್ಪನ ಮುದ್ದೆಯನ್ನು ತಕ್ಕಡಿಯ ಒಂದು ತಟ್ಟೆಗೆ, ಇದನ್ನು ಇನ್ನೊಂದಕ್ಕೆ ಇಟ್ಟಳು. ಮುನಿಯಪ್ಪನ ಕಡೆ ದಡಕ್ಕನೆ ನೆಲ ಮುಟ್ಟಿತು. ಬಸುರಿಯ ಕಡೆ ಮೇಲೆ ಹೋಗಿ ತೂಗಾಡಿತು.

ಹನುಮಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. "ನಾನೇನು ಹೊಟ್ಟೆಗೆ ಹಾಕ್ದೆ ಸಾಯಿಸ್ತಿದೀನಾ? ಬಸುರಿ ಜಾಸ್ತಿ ಉಂಡ್ರೆ ಕೂಸು ದಪ್ಪ ಆಗ್ತದೆ, ಹೆರಿಗೆ ಕಷ್ಟ ಆಗ್ತದೆ. ನಮ್ಮಕ್ಕ ಎರಡು ದಿನ ನರಳಿದ್ದು ನಾನು ಕಣ್ಣಾರೆ ನೋಡಿದೀನಿ. ಅದಕ್ಕೇ ನಾನು ಕಮ್ಮಿ ಇಕ್ಕೋದು!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅನಂತಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು. "ನಿಮ್ಮ ಪ್ರೀತಿ ನಂಗೆ ಗೊತ್ತಾಗುತ್ತೆ ಅಮ್ಮ. ಆದ್ರೆ ತಾಯಿಗೆ ಊಟ ಸಾಲದೇ ಹೋದ್ರೆ ರಕ್ತ ಕಮ್ಮಿ ಆಗುತ್ತೆ, ತಲೆ ಸುತ್ತುತ್ತೆ. ಹೆರೋ ಹೊತ್ತಿಗೆ ಶಕ್ತೀನೂ ಇರಲ್ಲ. ಕೂಸೂ ಸೊರಗುತ್ತೆ. ಆಸ್ಪತ್ರೆಗೆ ಒಂದ್ಸಲ ತೋರಿಸಿ, ಅವರೂ ಇದನ್ನೇ ಹೇಳ್ತಾರೆ."

ಹನುಮಕ್ಕ ಇನ್ನೂ ಒಪ್ಪದೆ ತಲೆಯಾಡಿಸುತ್ತಿದ್ದಳು. ಆಗ ಜಗಲಿಯಿಂದ ಮುನಿಯಪ್ಪ ಬಾಯಿ ಹಾಕಿದ. "ಅಲ್ವೇ, ಗಬ್ಬದ ಎಮ್ಮೆಗೆ ಎರಡು ಹಿಡಿ ಹಿಂಡಿ ಜಾಸ್ತಿ ಹಾಕು ಅಂತ ದಿನಾ ನನ್ನ ಪ್ರಾಣ ತಿಂತೀಯಲ್ಲ. ಸೊಸೆಗೆ ಮಾತ್ರ ಅರ್ಧ ಮುದ್ದೇನಾ?"

ಹನುಮಕ್ಕ ಗಂಡನ ಕಡೆ ನೋಡಿದಳು. ಸೊಸೆಯ ಕಡೆ ನೋಡಿದಳು. ಕೊನೆಗೆ ತನಗೇ ನಗು ಬಂತು. ಬಂದದ್ದು ಸಣ್ಣ ನಗುವಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವತ್ತಿನ ರಾತ್ರಿಯೂಟಕ್ಕೆ ಪುಟ್ಟಲಕ್ಷ್ಮಿಯನ್ನು ಎಲ್ಲರ ಜೊತೆಯಲ್ಲೇ ಕೂರಿಸಿದಳು. "ಮಾವನ ಎದುರು ಹೆಂಗೆ ಅತ್ತೆ ಉಣ್ಣೋದು?" ಎಂದು ಹುಡುಗಿ ನಾಚಿದಳು. "ನಾನು ಗೋಡೆ ಕಡೆ ತಿರುಗ್ತೀನಿ ತಗೋ," ಎಂದು ಮುನಿಯಪ್ಪ ಬೆನ್ನು ಹಾಕಿ ಕೂತು ಉಂಡ. ಪಾಪ, ಏಳು ದಿನವೂ ಹಾಗೆಯೇ ಉಂಡ. ಸೊಸೆಯ ತಟ್ಟೆಯಲ್ಲಿ ಇಡೀ ಮುದ್ದೆ, ಕಾಳು, ಕೈತುಂಬ ಸೊಪ್ಪು, ಒಂದು ಲೋಟ ಮಜ್ಜಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿಯವರೂ ಅದನ್ನೇ ಹೇಳಿ, ರಕ್ತಕ್ಕೆ ಔಷಧಿ ಕೊಟ್ಟು ಕಳಿಸಿದರು.

ಆಷಾಢದಲ್ಲಿ ಪುಟ್ಟಲಕ್ಷ್ಮಿ ಹೆಣ್ಣುಮಗು ಹೆತ್ತಳು. ಹೆರಿಗೆ ಸುಸೂತ್ರ, ಮಗು ದುಂಡುದುಂಡಗೆ. ಬಾಣಂತಿಯನ್ನು ನೋಡಲು ಬಂದ ಪಕ್ಕದ ಮನೆಯ ಲಿಂಗಮ್ಮ, "ಯಾವ ದೇವರಿಗೆ ಹರಕೆ ಹೊತ್ತಿದ್ದೆ ಹನುಮಕ್ಕ?" ಎಂದು ಕೇಳಿದಳು.

"ದೇವರಿಗೆ ಕೈ ಮುಗಿದೆ. ಸೊಸೆಗೆ ಮೊದಲು ಇಕ್ಕಿದೆ," ಎಂದಳು ಹನುಮಕ್ಕ. "ನಿನ್ನ ಸೊಸೆಗೂ ಈಗ ನಾಲ್ಕು ತಿಂಗಳಲ್ವ? ಹೋಗು, ಹೋಗಿ ಅವಳ ತಟ್ಟೆ ನೋಡು."

ಅಕ್ಕಂದಿರೇ, ಅಣ್ಣಂದಿರೇ, ಊಟದ ಲೆಕ್ಕ ಕೇಳಲು ಯಾರಾದರೂ ನಿಮ್ಮ ಮನೆಗೆ ಬಂದರೆ ಇದ್ದದ್ದನ್ನು ಇದ್ದಂತೆ ಹೇಳಿ. ರಾಗಿಗೂ ಸೊಪ್ಪಿಗೂ ನಾಚಬೇಡಿ. ಬಸುರಿಗೆ ಹೊಟ್ಟೆತುಂಬ ಇಕ್ಕಿ, ಆಸ್ಪತ್ರೆಗೆ ತೋರಿಸಿ. ಇವತ್ತು ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೋ, ಅವರಿಗೆ ಮೊದಲು ತಟ್ಟೆ ಹಾಕಿ.