ಬಿಟ್ಟ ನುಡಿ

ಪುಟ್ಟರಾಜು ಮೇಷ್ಟ್ರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಿದ್ದರು. ಆ ವೈಶಾಖದಲ್ಲಿ ಕನ್ನಡಕ ಮೂಗಿನ ಮೇಲಿದ್ದ ಹೊತ್ತಿಗಿಂತ ಕೈಯಲ್ಲಿದ್ದ ಹೊತ್ತೇ ಹೆಚ್ಚು.

ಮಳವಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತರಾದ ಮೇಲೆ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡವರು ಅವರು. ಹನ್ನೊಂದು ವರ್ಷದಿಂದ ‘ನಾಲೆಸೀಮೆ’ ಎಂಬ ಸ್ಥಳೀಯ ದಿನಪತ್ರಿಕೆಗೆ ಭಾನುವಾರದ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಅಂಕಣದ ಹೆಸರು ‘ಕೇಳಿದ್ದು’. ರಾಮೋತ್ಸವದ ಕಚೇರಿ, ಪೌರಾಣಿಕ ನಾಟಕದ ಹಾರ್ಮೋನಿಯಂ, ತಂಬೂರಿಯವರ ತತ್ವಪದ, ಮದುವೆಮನೆಯ ಸೋಬಾನೆ, ಯಾವುದನ್ನೂ ಅವರು ಕೀಳು ಮೇಲು ಮಾಡಿದವರಲ್ಲ. ಕೇಳಿ ಬಂದು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಬರೆಯಲು ಕೂರುವುದು ಅವರ ಪದ್ಧತಿ. ಬರೆದರೆ ಸಾವಿರ ಪದ. ಅದರಲ್ಲಿ ಒಂದು ವಾಕ್ಯ ಹೋದರೂ ಸೋಮವಾರ ಬೆಳಿಗ್ಗೆ ಪತ್ರಿಕೆಯ ಕಚೇರಿಗೆ ಫೋನು ಹೋಗುತ್ತಿತ್ತು.

ಪತ್ರಿಕೆಯ ಮಾಲೀಕ ಯತೀಶ್ ಅವರ ಹಳೆಯ ವಿದ್ಯಾರ್ಥಿ. ಒಂದು ದಿನ ಮನೆಗೇ ಬಂದು, ಈಗ ಯಾರೂ ಪತ್ರಿಕೆ ಬಿಡಿಸಿ ಓದುವುದಿಲ್ಲ, ಮೇಷ್ಟ್ರ ಹಳೆಯ ವಿಮರ್ಶೆಗಳನ್ನೆಲ್ಲ ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿ ಮೊಬೈಲಿಗೆ ಬಿಡೋಣ ಎಂದ. ಮದ್ದೂರಿನ ಶ್ವೇತ ಎಂಬ ಹುಡುಗಿಯನ್ನು ಇದಕ್ಕೆಂದೇ ಕೆಲಸಕ್ಕೆ ತೆಗೆದುಕೊಂಡಿದ್ದಾನಂತೆ. ಹನ್ನೊಂದು ವರ್ಷದ ಬರಹ ನಾಲ್ಕು ಜನರ ಕಿವಿಗೆ ಬೀಳುವುದಾದರೆ ಬೀಳಲಿ ಎಂದು ಮೇಷ್ಟ್ರು ತಲೆಯಾಡಿಸಿದರು. ಆಡಿಸಿದ್ದೇ ತಪ್ಪಾಯಿತು.

ಮೊದಲ ರೀಲ್‌ನಲ್ಲಿ ಅವರ ಬರಹವನ್ನು ಒಂದು ಯಂತ್ರದ ದನಿ ಓದಿತು. ಹಿಮ್ಮೇಳವನ್ನು ಅದು ಹಿಮದ ಮೇಳ ಮಾಡಿತು. ಎರಡನೆಯದರಲ್ಲಿ, ನಾಟಕದ ಹಾಡುಗಾರರ ಶ್ರುತಿ ವರ್ಷದಿಂದ ವರ್ಷಕ್ಕೆ ಯಾಕೆ ಏರುತ್ತಿದೆ ಎಂದು ಅವರು ಮೂರು ವಾರ ಬರೆದಿದ್ದ ಸರಣಿ ‘ಮಂಡ್ಯ ಸೀಮೆಯ ಟಾಪ್ ಐದು ಗಂಟಲು’ ಆಗಿತ್ತು. ಮೂರನೆಯದರಲ್ಲಿ ನಕ್ಷತ್ರಗಳು ಬಂದವು. ಜನ್ಮದಲ್ಲಿ ಯಾರಿಗೂ ನಕ್ಷತ್ರ ಕೊಡದ ಪುಟ್ಟರಾಜು, ಹೋಟೆಲಿನ ದೋಸೆಗೆ ಕೊಟ್ಟ ಹಾಗೆ, ಒಬ್ಬ ಪಿಟೀಲು ವಿದ್ವಾಂಸರಿಗೆ ಮೂರೂವರೆ ಕೊಟ್ಟುಬಿಟ್ಟಿದ್ದರು.

ಕನ್ನಡಕ ತೆಗೆದು ಮೇಷ್ಟ್ರು ಪತ್ರಿಕೆಯ ಕಚೇರಿಗೆ ನಡೆದರು. ಶ್ವೇತ ಕಂಪ್ಯೂಟರಿನ ಮುಂದೆ ಕೂತು ಚುರುಮುರಿ ತಿನ್ನುತ್ತಿದ್ದಳು. ಇಪ್ಪತ್ತೈದರ ಹುಡುಗಿ, ಮಾತು ಖಡಕ್ಕು. ಮೇಷ್ಟ್ರು ಕಾಲು ಗಂಟೆ ಕೂಗಾಡಿದ್ದನ್ನು ಪೂರ್ತಿ ಕೇಳಿಸಿಕೊಂಡು ಕೈ ಒರೆಸಿಕೊಂಡಳು.

“ಸರ್, ನಿಮ್ಮ ಅಂಕಣ ನಾನ್ನೂರು ಚಿಲ್ಲರೆ ಇವೆ. ಅಷ್ಟನ್ನೂ ನಾನು ರೈಲಲ್ಲಿ ಓದಿದೀನಿ. ಹನ್ನೊಂದು ವರ್ಷದಲ್ಲಿ ಇದನ್ನ ಓದಿ ನಿಮಗೆ ಎಷ್ಟು ಜನ ಕಾಗದ ಬರೆದ್ರು?”

ಮೇಷ್ಟ್ರು ಲೆಕ್ಕ ಹಾಕಿದರು. ಮೂರು. ಅದರಲ್ಲೊಂದು ಅವರ ಷಡ್ಡಕನದು. ಅದನ್ನು ಹೇಳದೆ, ನಕ್ಷತ್ರವನ್ನಾದರೂ ತೆಗೆಸು ತಾಯಿ ಎಂದು ಹೇಳಿ ಎದ್ದು ಬಂದರು. ನಕ್ಷತ್ರ ಹೋಯಿತು. ಮಿಕ್ಕದ್ದು ಹಾಗೇ ನಡೆಯಿತು.

ಹೀಗಿರುವಾಗ ಹೊಂಬಾಳಮ್ಮನ ರೀಲ್ ಬಂತು.

ಹೊಂಬಾಳಮ್ಮ ಮಳವಳ್ಳಿ ತಾಲ್ಲೂಕಿನ ಹುಣಸೆಕಟ್ಟೆ ಎಂಬ ಊರಿನವರು. ಸುತ್ತಲ ಹತ್ತೂರಿನ ಮದುವೆಗಳಿಗೆ ಸೋಬಾನೆ ಹಾಡಿದವರು. ಎರಡು ವರ್ಷದ ಹಿಂದೆ ಮದ್ದೂರಿನ ಒಂದು ಸಭಾಂಗಣದಲ್ಲಿ ಮದುವೆ ಹಾಡುಗಳ ಕಾರ್ಯಕ್ರಮ ನಡೆದಿತ್ತು. ಕಾಲೇಜು ಹುಡುಗಿಯೊಬ್ಬಳಿಗೆ ಸೀರೆ ಉಡಿಸಿ, ಬಾಸಿಂಗ ಕಟ್ಟಿ, ಮದುಮಗಳ ಹಾಗೆ ವೇದಿಕೆಯಲ್ಲಿ ಕೂರಿಸಿ, ಹೊಂಬಾಳಮ್ಮ ಮತ್ತು ಸಂಗಡಿಗರು ಅರಿಶಿನ ಹಚ್ಚುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಎರಡು ಗಂಟೆ ಹಾಡಿದ್ದರು. ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತು ಕೇಳಿ, ಮೆಚ್ಚಿ ಬರೆದಿದ್ದರು. ಅವರ ಮಟ್ಟಿಗೆ ಅದು ಆ ವರ್ಷದ ಒಳ್ಳೆಯ ಬರಹ.

ಅದರಲ್ಲೊಂದು ಕಡೆ, “ಹೊಂಬಾಳಮ್ಮನವರ ದನಿ ಸೀಳಿದ ಬಿದಿರು. ಆದರೆ ಸೀಳದ ಬಿದಿರು ಬುಟ್ಟಿಯಾಗುವುದಿಲ್ಲ, ಮೊರವೂ ಆಗುವುದಿಲ್ಲ” ಎಂದಿತ್ತು. ರೀಲ್‌ನಲ್ಲಿ ಬುಟ್ಟಿಯೂ ಇರಲಿಲ್ಲ, ಮೊರವೂ ಇರಲಿಲ್ಲ. ಬಾಯಿ ತೆರೆದು ಹಾಡುತ್ತಿರುವ ಹೊಂಬಾಳಮ್ಮ, ಮೇಲೆ ದಪ್ಪ ಅಕ್ಷರದಲ್ಲಿ ‘ದನಿ ಸೀಳಿದ ಬಿದಿರು’, ಹಿಂದೆಯೇ ಬಿದಿರು ಚಟಾರನೆ ಸೀಳುವ ಸದ್ದು. ಆಮೇಲೆ ‘ನುಡಿಯನ್ನೇ ಮರೆತರು’ ಎಂಬ ಇನ್ನೊಂದು ಸಾಲು. ಕೊನೆಗೆ ‘ಪುಟ್ಟರಾಜು, ವಿಮರ್ಶಕರು’.

ನಾಲ್ಕು ದಿನಕ್ಕೆ ಮೂರು ಲಕ್ಷ ಜನ ನೋಡಿದರು. ಜನ ಆ ಚಟಾರ್ ಸದ್ದನ್ನು ಎತ್ತಿಕೊಂಡು ತಮ್ಮ ತಮ್ಮ ಅತ್ತೆ, ಹೆಂಡತಿ, ಹೆಡ್‌ಮೇಷ್ಟ್ರ ಚಿತ್ರಗಳಿಗೆ ಅಂಟಿಸಿದರು. ಯತೀಶ್ ಸಂಭ್ರಮದಿಂದ ಫೋನು ಮಾಡಿ, ಮೇಷ್ಟ್ರೇ ನೀವು ಹಿಟ್ಟಾದ್ರಿ ಎಂದ. ಅವನ ಫೋನು ಇಡುವುದಕ್ಕೂ ಇನ್ನೊಂದು ಬರುವುದಕ್ಕೂ ಸರಿಹೋಯಿತು. ಆ ಕಡೆ ಹೆಂಗಸಿನ ದನಿ.

“ಪುಟ್ಟರಾಜು ಅಂದ್ರೆ ನೀವೇಯಾ? ನಾನು ಹೊಂಬಾಳಮ್ಮನ ಸೊಸೆ ರೂಪ. ನಮ್ಮತ್ತೆ ನಿಮಗೇನ್ ಮಾಡಿದ್ರು ಸಾ? ಮೂರು ದಿನದಿಂದ ಮನೆಯಿಂದ ಆಚೆ ಬಂದಿಲ್ಲ. ಇನ್ನ ಹತ್ತು ದಿನಕ್ಕೆ ಒಂದು ಮದ್ವೆ ಒಪ್ಕೊಂಡಿದ್ರು, ಅದ್ನೂ ಬ್ಯಾಡ ಅಂದವ್ರೆ.”

ಮೇಷ್ಟ್ರು, ಅದು ನಾನು ಬರೆದದ್ದಲ್ಲ ತಾಯಿ, ಬರೆದದ್ದೇ, ಆದರೆ ಪೂರ್ತಿ ಓದಿದರೆ ಎಂದು ಏನೇನೋ ಶುರು ಮಾಡಿದರು. ಪೂರ್ತಿ ಓದುವಷ್ಟು ಹೊತ್ತು ಯಾರಿಗೂ ಇಲ್ಲ ಎಂದು ರೂಪ ಫೋನಿಟ್ಟಳು. ಹೆಚ್ಚುಕಡಿಮೆ ಅದೇ ಮಾತನ್ನು ಶ್ವೇತ ಹೇಳಿದ್ದಳು, ಯತೀಶನೂ ಹೇಳಿದ್ದ. ಮೂರನೇ ಬಾರಿ ಕೇಳಿ ಮೇಷ್ಟ್ರಿಗೆ ಮೈ ಉರಿಯಿತು.

ಅಂದೇ ರೀಲ್ ತೆಗೆಸಿದರು. ತೆಗೆದರೇನು, ಅದರ ನಕಲುಗಳು ಮಿಡತೆಯ ಹಾಗೆ ಹರಡಿಬಿಟ್ಟಿದ್ದವು. ಮಾರನೇ ದಿನ ಹುಣಸೆಕಟ್ಟೆಗೆ ಹೋಗಿ ಬರುತ್ತೇನೆ, ಶ್ವೇತ ಜೊತೆಗೆ ಬರಬೇಕು ಎಂದು ಹಟ ಹಿಡಿದರು. ಹಳೆಯ ಪತ್ರಿಕೆಯನ್ನು ಹುಡುಕಿ ಚೀಲದಲ್ಲಿಟ್ಟುಕೊಂಡು ಮದ್ದೂರಿನಲ್ಲಿ ಇಳಿದು, ಅಲ್ಲಿಂದ ಅವಳನ್ನು ಹತ್ತಿಸಿಕೊಂಡು ಮಳವಳ್ಳಿಯ ಪ್ರೈವೇಟ್ ಬಸ್ಸಿನಲ್ಲಿ ಕೂತರು. ದಾರಿಯುದ್ದಕ್ಕೂ ಡ್ರೈವರು ಒಂದೇ ಹಾಡನ್ನು ತಿರುಗಿಸಿ ಮುರುಗಿಸಿ ಹಾಕಿದ. ಶ್ವೇತ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೆ.ಎಂ. ದೊಡ್ಡಿ ದಾಟಿದ ಮೇಲೆ, ಬುಟ್ಟಿಯ ಸಾಲನ್ನೂ ಹಾಕಿದ್ದೆ ಸರ್, ನಲವತ್ತು ಸೆಕೆಂಡ್ ಆಯ್ತು, ಕತ್ತರಿಸಿದೆ ಎಂದು ಮೆಲ್ಲಗೆ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದರು. ಬೈಯಲು ಹೊರಟವರಿಗೆ, ನಾನ್ನೂರು ಅಂಕಣ ಓದಿದವಳು ಇವಳೊಬ್ಬಳೇ ಎಂಬುದು ನೆನಪಾಗಿ ಬೈಗುಳ ಬಾಯಲ್ಲೇ ಉಳಿಯಿತು.

ಹೊಂಬಾಳಮ್ಮ ಜಗುಲಿಯಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದರು. ರೂಪ ಬಾಗಿಲಲ್ಲಿ ನಿಂತೇ ಇದ್ದಳು, ಒಳಗೆ ಬನ್ನಿ ಎನ್ನಲಿಲ್ಲ. ಮುದುಕಿಯೇ ಚಾಪೆ ತೋರಿಸಿ, ಕೂತ್ಕಳಿ ಮೇಷ್ಟ್ರೆ ಎಂದರು. ಮೇಷ್ಟ್ರು ದಾರಿಯಲ್ಲೆಲ್ಲ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಿಚ್ಚಿದರು. ತಾನು ಬರೆದದ್ದು ಹೊಗಳಿಕೆ, ಕತ್ತರಿಸಿದವರಿಂದ ಬೈಗುಳವಾಯಿತು, ಪೂರ್ತಿ ಓದಿ ತೋರಿಸಲೆಂದೇ ಬಂದದ್ದು.

ಹೊಂಬಾಳಮ್ಮನಿಗೆ ಓದಲು ಬಾರದು. ಎರಡು ವರ್ಷದ ಹಿಂದೆ ಫೋಟೋ ಬಂದಿದೆ ಎಂದು ಯಾರೋ ಪತ್ರಿಕೆ ತಂದು ಕೊಟ್ಟಿದ್ದರಂತೆ, ಏನು ಬರೆದಿದೆ ಎಂದು ಯಾರೂ ಓದಿ ಹೇಳಿರಲಿಲ್ಲವಂತೆ.

“ನೀವ್ ಬ್ಯಾಡ,” ಎಂದರು ಅವರು. “ಆ ಮಗ ಓದ್ಲಿ.”

ಶ್ವೇತ ಓದಿದಳು. ಸೀಳಿದ ಬಿದಿರು ಬಂತು, ಬುಟ್ಟಿ ಬಂತು, ಮೊರ ಬಂತು. ಹೊಂಬಾಳಮ್ಮ ಕಾಳು ಆರಿಸುತ್ತಲೇ ತಲೆದೂಗಿ, ಒಡೆದಿರೋದು ದಿಟವೇ ಅಲ್ವಾ, ಅದ್ಕೇನು ಎಂದರು. ಮೇಷ್ಟ್ರು ನೆಮ್ಮದಿಯಿಂದ ಗೋಡೆಗೊರಗಿದರು. ಶ್ವೇತ ಮುಂದಕ್ಕೆ ಓದಿದಳು. “ಹೆಣ್ಣೊಪ್ಪಿಸುವ ಹಾಡಿನಲ್ಲಿ ಅಪ್ಪ, ತಾಯಿ, ಅಣ್ಣ ಒಬ್ಬೊಬ್ಬರಿಗೂ ಒಂದೊಂದು ನುಡಿ ಇರುತ್ತದೆ. ತಾಯಿಯ ಸರದಿ ಬಂದಾಗ ಅವರಿಗೆ ಮರೆವು ಕವಿಯಿತು. ನುಡಿಯನ್ನೇ ಮರೆತರು. ಅಪ್ಪನಿಂದ ನೇರ ಅಣ್ಣನಿಗೆ ಹಾರಿದರು. ಈ ವಯಸ್ಸಿನಲ್ಲಿ ಇದು ಕ್ಷಮ್ಯ.”

ಮುದುಕಿಯ ಕೈ ನಿಂತಿತು.

“ಕ್ಷಮ್ಯ ಅಂದ್ರೇನವ್ವ?”

“ಕ್ಷಮಿಸಬಹುದು ಅಂತ ಅಜ್ಜಿ.”

“ಯಾರು ಯಾರ್ನ?”

ಶ್ವೇತ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನೆಲ ನೋಡಿದರು.

ಹೊಂಬಾಳಮ್ಮ ಮೊರವನ್ನು ಪಕ್ಕಕ್ಕಿಟ್ಟು ಮಾತಾಡಿದರು. ದನಿ ಏರಲಿಲ್ಲ. “ನಾನು ಮರ್ತಿರ್ನಿಲ್ಲ ಮೇಷ್ಟ್ರೆ. ಅವತ್ತು ಮದ್ಲಿಂಗಿತ್ತಿ ಮಾಡಿ ಕೂರ್ಸಿದ್ರಲ್ಲ ಆ ಎಣ್ಣು, ಅದ್ಕೆ ಸೀರೆ ಉಡ್ಸಿದ್ದು ನಾನೇಯ. ಆವಾಗ ಯೋಳ್ತು, ಅವ್ವ ತೀರ್ಕಂಡು ಮೂರು ತಿಂಗ್ಳಂತೆ. ತಾಯಿಲ್ದ ಎಣ್ಣಿನ ಮುಂದೆ ತಾಯಿ ನುಡಿ ಆಡಕಿಲ್ಲ ಕಣಪ್ಪ. ನಮ್ಮವ್ವ ಆಡ್ತಿರ್ನಿಲ್ಲ, ಅವರವ್ವನೂ ಆಡ್ತಿರ್ನಿಲ್ಲ. ಅದ್ಕೆ ಬುಟ್ಟೆ.”

ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು ಹೇಳಿದರು. “ಸೋಬಾನೆಯೋಳಿಗೆ ನುಡಿ ಮರ್ತೋಯ್ತದೆ ಅಂದ್ರೆ ಯಾರು ಕರೀತಾರೆ? ದನಿ ಒಡ್ದದೆ ಅನ್ನಿ, ನಾನು ಬ್ಯಾಡ ಅನ್ನಕಿಲ್ಲ.”

ಮೇಷ್ಟ್ರು ಇಷ್ಟು ದಿನ ಯತೀಶನ ಮೇಲೆ, ಯಂತ್ರದ ದನಿಯ ಮೇಲೆ, ಮೂವತ್ತು ಸೆಕೆಂಡಿನ ಮೇಲೆ ಹಾರಾಡಿದ್ದರು. ಕತ್ತರಿಸದೆ ಬಿಟ್ಟ ಸಾವಿರ ಪದದ ಒಳಗೇ ಈ ಮುಳ್ಳು ಇತ್ತು, ಅದನ್ನು ಇಟ್ಟವರು ತಾವೇ. ಕಾರ್ಯಕ್ರಮ ಮುಗಿದ ಮೇಲೆ ಹತ್ತು ಹೆಜ್ಜೆ ನಡೆದು, ಆ ನುಡಿ ಯಾಕೆ ಬಿಟ್ಟಿರಮ್ಮ ಎಂದು ಕೇಳಿದ್ದರೆ ಆಗುತ್ತಿತ್ತು. ಕೊನೆಯ ಬಸ್ಸಿನ ನೆಪದಲ್ಲಿ ಎದ್ದು ಬಂದಿದ್ದರು. ಅಂಕಣದ ಹೆಸರು ಬೇರೆ ‘ಕೇಳಿದ್ದು’. ತಮ್ಮ ಮೇಲೆಯೇ ಬಂದ ಸಿಟ್ಟನ್ನು ಎಲ್ಲಿ ಇಳಿಸುವುದೋ ತಿಳಿಯದೆ ಅವರು ಪತ್ರಿಕೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಶ್ವೇತ ಮೊಬೈಲು ತೆಗೆದಳು. ಅಜ್ಜಿ, ಈಗ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ, ನಾನು ಹಾಕ್ತೀನಿ, ನಕ್ಕವರೆಲ್ಲ ಬಾಯಿ ಮುಚ್ಚಿಕೊಳ್ತಾರೆ ಎಂದಳು. ರೂಪಳೂ ಬಾಗಿಲು ಬಿಟ್ಟು ಹತ್ತಿರ ಬಂದು, ಯೋಳಿ ಅತ್ತೆ ಎಂದಳು. ಹೊಂಬಾಳಮ್ಮ ಒಪ್ಪಲಿಲ್ಲ.

“ಆ ಎಣ್ಣು ಎಲ್ಲೋ ಕೂತ್ಕಂಡು ಇದ್ನ ನೋಡ್ಬುಟ್ಟು ಇನ್ನೊಂದ್ಸಲ ಅಳ್ಬೇಕಾ? ಆವತ್ತು ಬುಟ್ಟಿದ್ದು ಯಾಕೆ ಮತ್ತೆ?”

ಹಾಗಾಗಿ ಕಾರಣವನ್ನು ಯಾರಿಗೂ ಹೇಳುವಂತಿರಲಿಲ್ಲ. ರೂಪ ಕೊಟ್ಟ ಮಜ್ಜಿಗೆ ಕುಡಿದು ಇಬ್ಬರೂ ಹೊರಟರು.

ಮೇಷ್ಟ್ರು ಮನೆಗೆ ಬಂದು ತಿದ್ದುಪಡಿ ಬರೆಯಲು ಕೂತರು. ಮೊದಲ ದಿನ ಒಂಬೈನೂರು ಪದವಾಯಿತು. ಸೋಬಾನೆಯ ಸಂಪ್ರದಾಯ, ವಿಮರ್ಶಕನ ಹೊಣೆ, ಹೊಸ ಮಾಧ್ಯಮದ ಹಾವಳಿ ಎಲ್ಲ ಬಂದವು. ಓದಿ ನೋಡಿದರೆ ತಮ್ಮನ್ನು ತಾವೇ ಕಾಪಾಡಿಕೊಂಡ ಹಾಗಿತ್ತು. ಹರಿದರು. ಯತೀಶನಂತೂ, ಎರಡು ವರ್ಷದ ಹಿಂದಿನದಕ್ಕೆ ಈಗೇಕೆ ತಿದ್ದುಪಡಿ, ಭಾನುವಾರ ಜಾಹೀರಾತು ಜಾಸ್ತಿ ಇದೆ, ನಾಲ್ಕು ಸಾಲಾದರೆ ಹಾಕುತ್ತೇನೆ ಎಂದುಬಿಟ್ಟ. ಮೇಷ್ಟ್ರು ಎರಡು ದಿನ ಒದ್ದಾಡಿ ಹೊಡೆದು ಹೊಡೆದು ಹಾಕಿ ನಾಲ್ಕು ಸಾಲಿಗೆ ಇಳಿಸಿದರು. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಬರೆದದ್ದಿಲ್ಲ. ಅದನ್ನು ಕ್ಯಾಮೆರಾ ಮುಂದೆ ತಾವೇ ಓದುತ್ತೇನೆ, ಯಂತ್ರ ಬೇಡ ಎಂದರು.

ಕಚೇರಿಯ ಹಿಂದಿನ ಕೋಣೆಯಲ್ಲಿ ಶ್ವೇತ ಅವರನ್ನು ಕೂರಿಸಿದಳು. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ರೇಗಿದರು. ಹೊರಗೆ ಯಾರೋ ಹಾರ್ನ್ ಮಾಡಿದರು. ಒಂದು ಸಲ ಕರೆಂಟು ಹೋಯಿತು. ಹನ್ನೊಂದನೆಯ ಸಲಕ್ಕೆ ಸರಿಯಾಯಿತು.

“ಮದ್ದೂರಿನಲ್ಲಿ ಹೊಂಬಾಳಮ್ಮನವರು ನುಡಿ ಮರೆತರು ಎಂದು ನಾನು ಬರೆದೆ. ಅವರು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದರು. ಕಾರಣ ಅವರಿಗೆ ಗೊತ್ತು, ನಾನು ಕೇಳಿರಲಿಲ್ಲ. ತಪ್ಪು ನನ್ನದು.”

ಹದಿನೆಂಟು ಸೆಕೆಂಡು. ವಾರಕ್ಕೆ ಆರುನೂರ ನಲವತ್ತು ಜನ ನೋಡಿದರು. ಕೆಳಗೆ ಒಬ್ಬ, ಈ ಅಂಕಲ್ ಯಾರು ಗುರು ಎಂದು ಕೇಳಿದ್ದ. ಮೂರು ಲಕ್ಷವೆಲ್ಲಿ, ಆರುನೂರೆಲ್ಲಿ ಎಂದು ಮೇಷ್ಟ್ರು ಶ್ವೇತಳ ಹತ್ತಿರ ಗೊಣಗಿದರು. ಶನಿವಾರ ರೂಪ ಫೋನು ಮಾಡಿದಳು. ಊರಲ್ಲಿ ನಾಲ್ಕು ಮನೆಯವರಿಗೆ ಅದನ್ನು ಅವಳೇ ತೋರಿಸಿದ್ದಾಳೆ. ಮದುವೆಯವರು ಮತ್ತೆ ಬಂದು ಕರೆದರಂತೆ, ಅತ್ತೆ ಹೋಗಿ ಹಾಡಿ ಬಂದರಂತೆ. ರೀಲ್ ನೋಡಿದ ಅತ್ತೆ, ಮೇಷ್ಟ್ರು ಯಾಕೋ ಸೊರಗವ್ರೆ, ಕೇಳು ಎಂದರಂತೆ.

ಅಂದಿನಿಂದ ಮೇಷ್ಟ್ರಿಗೆ ಇನ್ನೊಂದು ತಲೆನೋವು ಹತ್ತಿತು. ನಾನ್ನೂರು ಅಂಕಣಗಳ ಕಟ್ಟನ್ನು ಮುಂದಿಟ್ಟುಕೊಂಡು, ‘ಮರೆತರು’, ‘ತಪ್ಪಿದರು’, ‘ಜಾರಿದರು’ ಎಂದು ಬರೆದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕತೊಡಗಿದರು. ಗೀಟು ಎಪ್ಪತ್ತು ದಾಟಿತು. ಒಬ್ಬರನ್ನಾದರೂ ಕೇಳಿದ್ದೆನೇ ಎಂದು ನೋಡಿದರೆ ಇಲ್ಲ. ಕೊನೆಗೆ ತಡೆಯಲಾರದೆ ಮೊದಲ ಗೀಟಿನ ಆಸಾಮಿಗೆ ಫೋನು ಹಚ್ಚಿದರು. ಬಸರಾಳಿನ ಹಾರ್ಮೋನಿಯಂ ಶಿವರಾಮು. ಒಂಬತ್ತು ವರ್ಷದ ಹಿಂದಿನ ನಾಟಕದಲ್ಲಿ ಕೃಷ್ಣನ ಪಾತ್ರಧಾರಿಯನ್ನು ಬಿಟ್ಟು ಬೇರೆಯೇ ಶ್ರುತಿಗೆ ಜಾರಿದರು ಎಂದು ಬರೆದಿದ್ದರು. ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, ಅವತ್ತು ನೀವು ಹಾಗೆ ಮಾಡಿದ್ದಕ್ಕೆ ಏನಾದರೂ ಕಾರಣವಿತ್ತೇ, ನಾನು ಆಗಲೇ ಕೇಳಬೇಕಿತ್ತು ಎಂದರು.

ಶಿವರಾಮು ಉತ್ತರ ಕೊಟ್ಟ.

“ಕಾರಣ ಏನಿಲ್ಲ ಸಾ. ಅವತ್ತು ನಿಜವಾಗ್ಲೂ ಕೆಡ್ಸಿದ್ದೆ. ನೀವು ಕಮ್ಮಿನೇ ಬರ್ದಿದ್ರಿ.”

ಆಮೇಲೆ ಗಾಬರಿಯಿಂದ, ಅದನ್ನೂ ರೀಲ್ಸ್ ಮಾಡ್ತಾರಾ ಎಂದು ಕೇಳಿದ. ಇಲ್ಲ ಮಾರಾಯ ಎಂದು ಮೇಷ್ಟ್ರು ಫೋನಿಟ್ಟು, ಎರಡನೆಯ ಗೀಟಿನ ನಂಬರು ಹುಡುಕಿದರು.