ಏಳನೇ ಪಿನ್ನು

ಅದಿರಿನ ದರ ಮುಗಿಲು ಮುಟ್ಟಿದ್ದ ವರ್ಷ ಗಣಿ ಧಣಿ ಕೊಟ್ರಬಸಪ್ಪ ಬಳ್ಳಾರಿಯ ಗಾಂಧಿನಗರದಲ್ಲಿ ತಮಗೆಂದೇ ಬೌಲಿಂಗ್ ಅಂಕಣ ಕಟ್ಟಿಸಿದರು. ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸುವ ಆಟ. ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಯಂತ್ರ ಮಾತ್ರ ಅದಿರು ಲಾರಿಗಳ ಸಾಲಿನ ಹಿಂದೆ ಎಲ್ಲೋ ಸಿಕ್ಕಿಬಿತ್ತು. ಹಾಗಾಗಿ ಕುರುಗೋಡು, ಸಿರುಗುಪ್ಪ ಕಡೆಯ ಹತ್ತು ಆಳುಗಳೇ ಪಿನ್ನಾಗಿ ನಿಂತೆವು. ಏಳನೆಯವನು ನಾನು, ಗೌಸಸಾಬ್. ಬಿದ್ದರೆ ನಾವೇ ಏಳುತ್ತಿದ್ದೆವು. ಯಂತ್ರ ಯಾಕೆ ಬೇಕು?

ಒಮ್ಮೆ ಚೆಂಡು ನನ್ನಿಂದ ಮಾರು ದೂರ ಹೋಯಿತು. ನಾನು ನಿಂತೇ ಇದ್ದೆ.

"ಚೆಂಡಿನ ಗಾಳಿ ತಾಗಲಿಲ್ಲೇನಲೇ ಗೌಸ್ಯಾ?" ಎಂದರು ಧಣಿ.

"ತಾಗಿತ್ರಿ ಧಣೇರ," ಎಂದು ಬಿದ್ದೆ.

ಹೀಗೆ ಮೂರು ವರ್ಷ ಅವರ ಒಂದು ಎಸೆತವೂ ತಪ್ಪಲಿಲ್ಲ. ಊರ ತುಂಬ 'ಚಾಂಪಿಯನ್' ಎಂಬ ಫ್ಲೆಕ್ಸುಗಳು. ಕೊನೆಗೆ ಬೆಂಗಳೂರಿನಲ್ಲಿ ವೃತ್ತಿಪರ ಆಟಗಾರರ ಪಂದ್ಯಕ್ಕೆ ಹೊರಟರು. ಚಪ್ಪಾಳೆ ತಟ್ಟಲು ನಮ್ಮನ್ನೂ ಕರೆದೊಯ್ದರು. ಅಲ್ಲಿ ಮರದ ಪಿನ್ನುಗಳು. ಅವಕ್ಕೆ ಧಣಿ ಯಾರೆಂದೇ ಗೊತ್ತಿಲ್ಲ. ಇವತ್ತು ತಿಳಿಯುತ್ತದೆ ಇವರ ಆಟ ಎಂದುಕೊಂಡು ಕೈಕಟ್ಟಿ ಕೂತೆ.

ಧಣಿ ಎಸೆದ ಚೆಂಡು ಅಂಕಣದ ಅಂಚಿನ ಕಾಲುವೆಗೆ ಉರುಳಿತು. ಒಂದು ಪಿನ್ನೂ ಕದಲಲಿಲ್ಲ. ಧಣಿ ತಿರುಗಿ ನಮ್ಮನ್ನು ನೋಡಿದರು.

ಹತ್ತೂ ಮಂದಿ ಕುರ್ಚಿಯಿಂದ ಧೊಪ್ಪನೆ ಬಿದ್ದೆವು. ಥೂ, ನನ್ನ ಜನ್ಮಕ್ಕಿಷ್ಟು, ಮೊದಲು ಬಿದ್ದವನು ನಾನೇ.