ಬೂದಿಯಲ್ಲಿ ಬರೆದ ತೋಟ

"ಎಂಟು. ಈಗ ಕಾಲೆತ್ತು," ಅಂದಳು ಆಂಜಿನಮ್ಮ. "ನೆಲ ನೋಡ್ಬೇಡ ಕಣೇ, ತಲೆ ಎತ್ಕೊಂಡು ನಡಿ. ಕಾರಂಜಿ ನೋಡೋಕೆ ಬಂದೋರು ಯಾರಾದ್ರೂ ನೆಲ ನೋಡ್ತಾರಾ?"

ಶಾಮಿ ಕಾಲೆತ್ತಿದಳು. ಹೆಬ್ಬೆರಳು ಇಟ್ಟಿಗೆಗೆ ತಾಕಿತು, ಮೈ ಒಂದಿಷ್ಟು ಮುಗ್ಗರಿಸಿತು, ಆದರೂ ನಿಂತುಕೊಂಡಳು. ಸುಗಟೂರಿನ ಆ ಹಿತ್ತಲಲ್ಲಿ ಹೊತ್ತು ಮುಳುಗಿ ಇನ್ನೂ ಸ್ವಲ್ಪ ಹೊತ್ತೂ ಆಗಿರಲಿಲ್ಲ. ಬೇಲಿ ಮೇಲಿನ ಹೀರೆಬಳ್ಳಿ, ಕೊಟ್ಟಿಗೆ ಬಾಗಿಲು, ಕಟ್ಟಿದ ಎಮ್ಮೆ, ಎಲ್ಲವೂ ಆಂಜಿನಮ್ಮನಿಗೆ ಸಲೀಸಾಗಿ ಕಾಣುತ್ತಿದ್ದವು. ಮಗಳಿಗೆ ಮಾತ್ರ ಆಗಲೇ ಅಮಾವಾಸ್ಯೆ. ಹುಟ್ಟಿದಾಗಿನಿಂದಲೂ ಹಾಗೇ. ಹಗಲೆಲ್ಲ ರಾಗಿಯಲ್ಲಿ ಕಲ್ಲು ಆರಿಸುವ ಕಣ್ಣು, ಸೂರ್ಯ ಇಳಿದರೆ ಮುಗೀತು. ಹೊನಗೊನೆ ಸೊಪ್ಪು ತಿನ್ನಿಸಿದ್ದಾಯಿತು, ಕುರಿಯ ಈಲಿ ಸುಟ್ಟು ತಿನ್ನಿಸಿದ್ದಾಯಿತು, ಮುಳಬಾಗಿಲ ಕಡೆಯ ನಾಟಿ ವೈದ್ಯ ಕೊಟ್ಟ ಅಂಜನ ಹಚ್ಚಿ ಮೂರು ದಿನ ಕಣ್ಣೀರು ಸುರಿಸಿದ್ದೂ ಆಯಿತು. ಊರಿಗೆ ಇದ್ಯಾವುದೂ ಗೊತ್ತಿಲ್ಲ. ಸಂಜೆಯಾದರೆ ಆಂಜಿನಮ್ಮನ ಮಗಳು ಹೊಸಿಲು ದಾಟುವುದಿಲ್ಲ, ಎಂಥ ಮರ್ಯಾದೆಯ ಹುಡುಗಿ ಅಂತ ಊರು ಹೊಗಳುತ್ತಿತ್ತು. ಹೊಗಳಲಿ ಬಿಡಿ, ಬಾಯಿಗೇನು ಬಾಡಿಗೆಯೇ!

ಹುಡುಗಿಯ ಹೆಸರು ಮುನಿಶಾಮಮ್ಮ, ಮನೆಯಲ್ಲಿ ಶಾಮಿ. ಹತ್ತೊಂಬತ್ತು ತುಂಬಿತ್ತು. ಓರಗೆಯವರು ಎರಡೆರಡು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತವರಿಗೆ ಬರುತ್ತಿದ್ದರು. ಮಾಲೂರಿನ ಒಂದು ಸಂಬಂಧ ಬಂದಿತ್ತು. ಹುಡುಗನ ಚಿಕ್ಕಮ್ಮ ರಾತ್ರಿ ಉಳಿದಳು, ನೀರು ಕೇಳಿದಳು, ಶಾಮಿ ಚೊಂಬಿನ ನೀರನ್ನು ಅವಳ ಮಡಿಲಿಗೇ ಸುರಿದಳು. ಬೆಳಗಾಗುತ್ತಲೇ ಹೊರಟುಹೋದ ಅವರಿಂದ ಆಮೇಲೆ ಸುದ್ದಿಯಿಲ್ಲ. ಆವತ್ತಿನಿಂದ ಆಂಜಿನಮ್ಮ ಯಾರನ್ನೂ ಸಂಜೆಯ ತನಕ ಉಳಿಸಿಕೊಂಡವಳಲ್ಲ.

ಅಂಥದ್ದರಲ್ಲಿ ಶ್ರಾವಣದಲ್ಲಿ ನರಸಾಪುರದ ದೊಡ್ಡಗಂಗಮ್ಮ ಬಂದಳು. ಗಂಡ ಸತ್ತ ಮೇಲೆ ಒಬ್ಬನೇ ಮಗನನ್ನು ಓದಿಸಿ ಕೆಲಸಕ್ಕೆ ಹಚ್ಚಿದ ಗಟ್ಟಿ ಹೆಂಗಸು. ಹಾಡುಹಗಲಲ್ಲಿ ಬಂದಳು, ಶಾಮಿ ಬದನೆಕಾಯಿ ಬಿಡಿಸುವುದನ್ನು ತೋಟದಲ್ಲೇ ನಿಂತು ನೋಡಿದಳು, ಮೆಚ್ಚಿದಳು. ಮಗ ಕದಿರೇಶ ಮೈಸೂರಿನ ಹತ್ತಿರ ಕನ್ನಂಬಾಡಿ ಕಟ್ಟೆಯ ಕೆಳಗಿನ ತೋಟದಲ್ಲಿ ಮೇಸ್ತ್ರಿ. ದಸರಾ ಹತ್ತಿರ ಬರುತ್ತಿದೆ, ಅವನಿಗೆ ರಜೆ ಇಲ್ಲ. ಅದಕ್ಕೇ ಹುಡುಗಿಯನ್ನೇ ಅಲ್ಲಿಗೆ ಕರೆದುಕೊಂಡು ಹೋಗೋಣ ಅಂದಳು. ಊರಲ್ಲಿ ಗಂಡು ಬಂದು ನೋಡಿ ಬೇಡ ಅಂದರೆ ಹೆಣ್ಣಿಗೆ ಹೆಸರು ಕೆಡುತ್ತದೆ, ಅಲ್ಲಿ ನೂರಾರು ಜನರ ನಡುವೆ ಯಾರು ಯಾರನ್ನು ನೋಡಿದರೋ ಯಾರಿಗೆ ಗೊತ್ತು ಅಂತ ಅವಳ ಲೆಕ್ಕ. ಒಳ್ಳೆಯ ಮನಸ್ಸಿನ ಮಾತು ಅದು, ಆಂಜಿನಮ್ಮನೂ ಒಪ್ಪಿದಳು. ಬೆಳಗ್ಗೆ ಅರಮನೆ, ಅರಮನೆಯ ತೋಟ. ಮಧ್ಯಾಹ್ನ ಊಟ. ಆಮೇಲೆ ಕನ್ನಂಬಾಡಿ. ಕತ್ತಲಾದ ಮೇಲೆ ಕಾರಂಜಿಗೆ ಬಣ್ಣಬಣ್ಣದ ದೀಪ ಹಾಕುತ್ತಾರಂತೆ, ಆಗ ಕದಿರೇಶನ ಕೆಲಸ ಮುಗಿದಿರುತ್ತದೆ, ಕಾರಂಜಿ ಪಕ್ಕದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿ.

ಕತ್ತಲಾದ ಮೇಲೆ ಅನ್ನುವುದು ಕಿವಿಗೆ ಬೀಳುವಷ್ಟರಲ್ಲಿ ಆಂಜಿನಮ್ಮನ ಬಾಯಿ ಆಗಲೇ ಹೂಂ ಅಂದಾಗಿತ್ತು.

ನಿಜ ಹೇಳಿಬಿಡೋಣ ಅಂದವನು ಗಂಡ ಮುನಿಯಲ್ಲಪ್ಪ. ಅವನು ಹೇಳಿದ್ದು ಒಂದೇ ಸಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ, ನಾನು ಒಂದೂ ಹೇಳುತ್ತಿಲ್ಲ, ಸುಮ್ಮನಿದ್ದೀನಿ ಅಷ್ಟೆ ಅಂತ ಹೆಂಡತಿ ತಿರುಗಿಬಿದ್ದಳು. ಮುನಿಯಲ್ಲಪ್ಪ ತೆಪ್ಪಗಾದ. ಅವನೊಬ್ಬನೇ ಆ ಮನೆಯಲ್ಲಿ ಕನ್ನಂಬಾಡಿ ಕಂಡವನು. ಎರಡು ವರ್ಷದ ಹಿಂದೆ ದಸರಾ ವಸ್ತುಪ್ರದರ್ಶನಕ್ಕೆ ಅಂತ ಒಂದು ಆಳು ಹೊರಲಾರದ ಕುಂಬಳಕಾಯಿ ತೆಗೆದುಕೊಂಡು ಮೈಸೂರಿಗೆ ಹೋಗಿದ್ದ. ಬಹುಮಾನ ಬೇರೆಯವರ ಕುಂಬಳಕ್ಕೆ ಬಂತು. ಆ ಬೇಜಾರು ಕಳೆಯಲು ಜೊತೆಗಾರರು ಅವನನ್ನು ತೋಟಕ್ಕೆ ಎಳೆದುಕೊಂಡು ಹೋಗಿದ್ದರು.

ಆಂಜಿನಮ್ಮ ಅವನ ಕೈಗೆ ಒಲೆಬೂದಿಯ ಮೊರ ಕೊಟ್ಟು ತೋಟ ಬರಿ ಅಂದಳು. ಅವನು ಹಿತ್ತಲ ತುಂಬ ಬಗ್ಗಿ ಬಗ್ಗಿ ಬರೆದ. ಇದು ಬಾಗಿಲು, ಇದು ನಡುವೆ ಹರಿಯೋ ನೀರಿನ ಕಾಲುವೆ, ಎರಡೂ ಕಡೆ ನಡೆಯೋ ದಾರಿ, ಇಲ್ಲಿ ಮೆಟ್ಟಿಲು, ಇಲ್ಲಿ ಕಾರಂಜಿ. ಮೆಟ್ಟಿಲ ಕಡೆ ಇಟ್ಟಿಗೆ ಇಟ್ಟ. ಎಷ್ಟು ಮೆಟ್ಟಿಲು ಅಂದರೆ ತಲೆ ಕೆರೆದುಕೊಂಡ. ಆಂಜಿನಮ್ಮ ಬಿಡಲಿಲ್ಲ, ಕೂರಿಸಿ ನೆನಪು ಮಾಡಿಸಿದಳು, ಕುಂಬಳಕಾಯಿಯ ತೂಕ ನೆನಪಿದೆ, ಮೆಟ್ಟಿಲು ನೆನಪಿಲ್ಲವಾ ಅಂತ ಹಂಗಿಸಿದಳು. ಕೊನೆಗೆ ಒಂಬತ್ತು ಅಂದ. ಒಂಬತ್ತಾದರೆ ಒಂಬತ್ತು. ಶಾಮಿ ಹನ್ನೆರಡು ದಿನ, ಸಂಜೆ ಸಂಜೆ, ಬೂದಿಯ ತೋಟದಲ್ಲಿ ಓಡಾಡಿದಳು. ಮೊದಲು ಎರಡು ಸಲ ಬಿದ್ದಳು, ಮೊಣಕಾಲು ತರಚಿತು, ಅರಿಶಿನ ಹಚ್ಚಿದರು. ಆಮೇಲೆ ಬೀಳುವುದು ನಿಂತಿತು.

ಆಂಜಿನಮ್ಮನಿಗೆ ಇನ್ನೊಂದು ಆಸೆಯೂ ಇತ್ತು. ಅಲ್ಲಿರುವುದು ಎಣ್ಣೆದೀಪವಲ್ಲ, ಎಲೆಕ್ಟ್ರಿಕ್ ದೀಪ. ಅದರ ಬೆಳಕು ಹಗಲಿದ್ದ ಹಾಗಂತೆ. ಹಗಲಿದ್ದ ಹಾಗಿದ್ದರೆ ಮಗಳಿಗೆ ಯಾಕೆ ಕಾಣಬಾರದು? ಊರಲ್ಲಿ ನೋಡೋಣವೆಂದರೆ ಅಂಥ ದೀಪವೇ ಇಲ್ಲ. ಬಳೆ ತೊಡಿಸುತ್ತೇನೆ ಅಂತ ಹೇಳಿ ಕೋಲಾರಕ್ಕೆ ಕರೆದುಕೊಂಡು ಹೋದಳು. ಸಂಜೆಯ ತನಕ ಬಳೆ ಅಂಗಡಿಯಲ್ಲೇ ಹೊತ್ತು ಕಳೆದಳು, ಬೇಕಾದ್ದು ಬೇಡವಾದ್ದು ಎಲ್ಲ ತೆಗೆಸಿ ನೋಡಿದಳು. ಅಂಗಡಿಯವನು ಗುಂಡಿ ಒತ್ತಿದ. ತಲೆ ಮೇಲೆ ಗಾಜಿನ ಬುರುಡೆ ಹತ್ತಿಕೊಂಡಿತು. ಆಂಜಿನಮ್ಮ ದೇವರಿಗೆ ಹರಕೆ ಹೊತ್ತು ಮಗಳ ಕಿವಿಯಲ್ಲಿ ಕೇಳಿದಳು, ಏನು ಕಾಣುತ್ತದೆ ಅಂತ. ಶಾಮಿ ತಲೆ ಎತ್ತಿ ಬಹಳ ಹೊತ್ತು ನೋಡಿದಳು. "ಮೇಲೆ ಒಂದು ಚೂರು ಉರೀತಿದೆ. ನೀನು ಕಾಣಿಸ್ತಿಲ್ಲಮ್ಮ," ಅಂದಳು. ಗಾಡಿಯಲ್ಲಿ ವಾಪಸ್ಸು ಬರುವಾಗ ಆಂಜಿನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಕತ್ತಲಲ್ಲಿ ಮಗಳಿಗೆ ಅದು ಕಾಣುವುದಿಲ್ಲ ಎನ್ನುವುದೇ ಅವಳಿಗೊಂದು ಸಮಾಧಾನ. ಆದರೆ ಕಿವಿ ಚುರುಕಿತ್ತು ಹುಡುಗಿಗೆ.

ಮನೆಗೆ ಬಂದು ಮುದ್ದೆ ನುಂಗುವಾಗ ಶಾಮಿ ಕೇಳಿದಳು: "ಅಮ್ಮ, ಮದುವೆ ಆದ್ಮೇಲೆ ಅವರ ಮನೇಲೂ ದಿನಾ ಸಂಜೆ ಆಗುತ್ತಲ್ವಾ?"

ಆಂಜಿನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಒಂದು ಮಗು ಅಂತ ಆಗಲಿ, ಆಮೇಲೆ ಯಾರೂ ಏನೂ ಮಾಡಲಾರರು, ನಿನ್ನ ಅಧಿಕಪ್ರಸಂಗ ಬಿಟ್ಟು ಉಣ್ಣು ಅಂದಳು. ಅಂದಮೇಲೆ ಅವಳಿಗೇ ಅನ್ನಿಸಿತು, ಥೂ ಎಂಥ ಮಾತಾಡಿದೆ ಅಂತ. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೊರಡುವ ದಿನ ಗೊತ್ತುಮಾಡುವುದು ಬಾಕಿ ಇತ್ತು. ಹೂವು ಹಣ್ಣು ಕೊಟ್ಟು ಕರೆಯದೆ ಬೇರೆಯವರ ಮನೆ ಹೆಣ್ಣುಮಗಳನ್ನು ಊರು ದಾಟಿಸಬಾರದು ಅನ್ನುವುದು ದೊಡ್ಡಗಂಗಮ್ಮನ ಮನೆಯ ಪದ್ಧತಿ. ಭಾನುವಾರ ಬರಲಿ, ಸಂತೆಯಿಲ್ಲ, ನಮ್ಮವರೂ ಮನೆಯಲ್ಲಿರುತ್ತಾರೆ, ಬೆಳಗ್ಗೆಯೇ ಬಂದು ಊಟ ಮಾಡಿಕೊಂಡು ಹೋಗಲಿ ಅಂತ ಆಂಜಿನಮ್ಮ ಹೇಳಿಕಳಿಸಿದಳು. ಭಾನುವಾರ ಅಂದವಳು ಅವಳೇ. ಅದನ್ನು ನೆನೆದು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ.

ಆ ಭಾನುವಾರ ಊಟದ ಹೊತ್ತಾಯಿತು, ಗಾಡಿ ಬರಲಿಲ್ಲ. ಹೊತ್ತು ಪಡುವಣಕ್ಕೆ ವಾಲಿತು, ಬರಲಿಲ್ಲ. ದೊಡ್ಡಗಂಗಮ್ಮ ಬಂದಿಳಿದಾಗ ಬೇಲಿಯ ನೆರಳು ಅಂಗಳದ ಅರ್ಧ ತುಂಬಿತ್ತು. ದಾರಿಯಲ್ಲಿ ಎತ್ತಿನ ಲಾಳ ಕಳಚಿತಂತೆ. ಆಂಜಿನಮ್ಮ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ, ಬಡಿಸಿ, ಊಟ ಮುಗಿಯುವುದಕ್ಕೆ ಮುಂಚೆಯೇ ಹೊರಡುವ ಮಾತೆತ್ತಿದಳು. ದಾರಿ ಚೆನ್ನಾಗಿಲ್ಲ ಗಂಗಕ್ಕ, ಕತ್ತಲಾದರೆ ಕಷ್ಟ, ಹೂವು ಹಣ್ಣು ಕೊಟ್ಟು ಹೊರಟುಬಿಡಿ ಅಂದಳು.

"ಈಗ ಹೆಂಗೆ ಕೊಡ್ಲಿ?" ಅಂದಳು ದೊಡ್ಡಗಂಗಮ್ಮ. "ಭಾನುವಾರ ಅಲ್ವಾ, ರಾಹುಕಾಲ ಹತ್ತಿದೆ. ಹೊತ್ತು ಮುಳುಗ್ಲಿ, ಆಮೇಲೆ ಕೊಡ್ತೀನಿ."

ಆಂಜಿನಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಭಾನುವಾರದ ರಾಹುಕಾಲ ಹೊತ್ತು ಮುಳುಗುವ ತನಕ ಅನ್ನುವುದು ಹಸುಗೂಸಿಗೂ ಗೊತ್ತು. ಅವಳಿಗೂ ಗೊತ್ತು. ಬೆಳಗ್ಗೆ ಬರುತ್ತಾರೆ ಅಂದುಕೊಂಡವಳಿಗೆ ಅದು ತಲೆಗೇ ಹೋಗಿರಲಿಲ್ಲ. ನಾಳೆ ಕೊಡಬಹುದಲ್ಲ ಅಂದಳು. ಇಷ್ಟು ದೂರ ಬಂದು ಬರಿಗೈಲಿ ಹೋಗುವುದೇ ಅಂದಳು ಆಕೆ. ಗಾಡಿಯವನಿಗೆ ತಡವಾಗುತ್ತದೆ ಅಂದಳು. ಅವನ ಪಾಡಿಗೆ ಅವನು ಮಲಗಿದ್ದಾನೆ ಅಂದಳು ಆಕೆ. ಮುನಿಯಲ್ಲಪ್ಪ ಜಗಲಿಯ ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಆಂಜಿನಮ್ಮ ಒಳಗೆ ಹೋಗಿ ಮಗಳಿಗೆ ಜಡೆ ಹೆಣೆದಳು. ಎರಡು ಸಲ ಬಿಚ್ಚಿ ಹೆಣೆಯಬೇಕಾಯಿತು. ಹೊರಗೆ ಬೆಳಕು ಕೆಂಪಾಗುತ್ತಿತ್ತು. ಇನ್ನೂ ಕಾಣುತ್ತಿರುವಾಗಲೇ ಶಾಮಿಯನ್ನು ಕರೆತಂದು ಜಗಲಿಯ ಕಂಬದ ಪಕ್ಕ ನಿಲ್ಲಿಸಿದಳು. ಅಲ್ಲಿಂದ ಕದಲಬೇಡ, ಸೆರಗು ಒಡ್ಡು, ಅವರೇ ಬಂದು ಹಾಕುತ್ತಾರೆ ಅಂತ ಕಿವಿಯಲ್ಲಿ ಹೇಳಿದಳು. ತೋಟಕ್ಕೆ ಹನ್ನೆರಡು ದಿನದ ತಯಾರಿ ಇತ್ತು. ಇದಕ್ಕೆ ಇಷ್ಟೇ.

ಕೆರೆ ಏರಿಯ ಆಚೆ ಸೂರ್ಯ ಇಳಿದ. ಮುನಿಯಲ್ಲಪ್ಪ ಎದ್ದು ಗೂಡಿನ ದೀಪ ಹಚ್ಚಿದ. ದೊಡ್ಡಗಂಗಮ್ಮ ಹಿತ್ತಾಳೆ ತಟ್ಟೆ ತೆಗೆದು ಹೂವು, ಬಾಳೆಹಣ್ಣು, ಎಲೆ ಅಡಿಕೆ, ಒಂದು ರವಿಕೆ ಕಣ ಜೋಡಿಸಿದಳು. ಎದ್ದು ಬರುತ್ತಾಳೆ ಅಂತ ಆಂಜಿನಮ್ಮ ಕಾದಳು. ಅವಳು ಏಳಲಿಲ್ಲ. ಮಂಡಿನೋವಿನ ಹೆಂಗಸು, ಕೂತಲ್ಲಿಂದಲೇ ತಟ್ಟೆ ಮುಂದೆ ಹಿಡಿದು ಬಾರಮ್ಮ ತಗೋ ಅಂದಳು.

ಶಾಮಿ ಕಂಬದ ಪಕ್ಕದಲ್ಲಿ ಸೆರಗು ಒಡ್ಡಿ ನಿಂತಳು. ಮುಖದಲ್ಲಿ ನಗು ಇತ್ತು. ಆ ನಗು ದೊಡ್ಡಗಂಗಮ್ಮನ ಕಡೆಗಿರದೆ ಪಕ್ಕದ ಗೋಡೆಯ ಕಡೆಗಿತ್ತು.

ನಾಚಿಕೆ ಅವಳಿಗೆ, ನಾನು ತಗೋತೀನಿ ಅಂತ ಆಂಜಿನಮ್ಮ ಮುಂದೆ ಬಂದಳು. ದೊಡ್ಡಗಂಗಮ್ಮ ಇನ್ನೊಂದು ಕೈಯೆತ್ತಿ ತಡೆದಳು. ತಟ್ಟೆಯನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. ಆಮೇಲೆ ಬಲಕ್ಕೆ. ಹುಡುಗಿಯ ಮುಖ ಗೋಡೆ ಬಿಟ್ಟು ತಿರುಗಲಿಲ್ಲ. ಆಂಜಿನಮ್ಮನ ಬಾಯಿಂದ ಒಂದು ಮಾತು, ಈ ಕಡೆ ಕಣೇ ಅನ್ನುವ ಒಂದೇ ಮಾತು ಬಂದಿದ್ದರೆ ಸಾಕಿತ್ತು, ಬರಲಿಲ್ಲ.

ಶಾಮಿಯೇ ಸೆರಗು ಇಳಿಬಿಟ್ಟಳು.

"ಅತ್ತೆಮ್ಮ, ನಂಗೆ ಹೊತ್ತು ಮುಳುಗಿದ್ಮೇಲೆ ಕಣ್ಣು ಕಾಣಲ್ಲ. ಹುಟ್ಟಿದಾಗಿಂದ ಹಿಂಗೇ. ನೀವು ಎಲ್ಲಿದೀರ ಅಂತ ಹೇಳಿದ್ರೆ ಬಂದು ತಗೋತೀನಿ. ಬೇಡ ಅನ್ನಿಸಿದ್ರೆ ತಗೊಂಡು ಹೋಗ್ಬಿಡಿ."

ಮುನಿಯಲ್ಲಪ್ಪ ಬಾಯಲ್ಲಿದ್ದ ಎಲೆ ಅಗಿಯುವುದನ್ನು ಬಿಟ್ಟ. ದೊಡ್ಡಗಂಗಮ್ಮ ತಟ್ಟೆಯನ್ನು ಮಡಿಲಿಗೆ ಇಳಿಸಿಕೊಂಡಳು. "ರೇಚೀಕಟಾ?" ಅಂದಳು, ಆ ಕಡೆಯವರೆಲ್ಲ ಇರುಳುಗುರುಡಿಗೆ ಅನ್ನುವ ಹಾಗೆ ತೆಲುಗಿನಲ್ಲಿ. ಕೇಳಿದ್ದು ಹುಡುಗಿಯನ್ನಲ್ಲ, ತಾಯಿಯನ್ನು. ಆಂಜಿನಮ್ಮ ತಲೆ ಆಡಿಸಿದಳು.

"ಗೊತ್ತಿದ್ದೂ ಇವಳನ್ನ ಕನ್ನಂಬಾಡಿಯ ಆ ಕಾಲುವೆ ಪಕ್ಕ ನಡೆಸ್ತಿದ್ಯಾ?"

ದಾರಿಯನ್ನೆಲ್ಲ ಕಲಿಸಿದ್ದೇನೆ ಗಂಗಕ್ಕ, ಮೆಟ್ಟಿಲು ಲೆಕ್ಕ ಸಮೇತ ಕಲಿಸಿದ್ದೇನೆ, ಎಲ್ಲೂ ಬೀಳುವುದಿಲ್ಲ ಅಂದಳು ಆಂಜಿನಮ್ಮ.

"ದಸರಾ ಕಣಮ್ಮ ಅದು. ಭುಜಕ್ಕೆ ಭುಜ ತಗುಲೋ ಜನ. ಒಬ್ಬ ನೂಕಿದ್ರೆ ನಿನ್ನ ಲೆಕ್ಕ ಎಲ್ಲಿರುತ್ತೆ, ನಿನ್ನ ಮಗಳೆಲ್ಲಿರ್ತಾಳೆ?"

ಹನ್ನೆರಡು ದಿನ ಬೂದಿಯ ತೋಟದಲ್ಲಿ ಆಂಜಿನಮ್ಮನ ಮಗಳೊಬ್ಬಳೇ ನಡೆದಿದ್ದಳು. ಇನ್ನೊಬ್ಬ ಮನುಷ್ಯ ಅಲ್ಲಿ ಇರಬಹುದು ಅಂತ ತಾಯಿಗೆ ಹೊಳೆದೇ ಇರಲಿಲ್ಲ. ಮಗಳು ನೀರಿಗೆ ಬೀಳುವುದು ಈಗ ಕಣ್ಣಿಗೆ ಕಟ್ಟಿತು. ಅವಳು ಹೊಸಿಲ ಮೇಲೆ ಕೂತಳು. ತಪ್ಪಾಯಿತು ಅನ್ನಬೇಕು ಅನ್ನಿಸಿತು, ಯಾರಿಗೆ ಅನ್ನಬೇಕೋ ತಿಳಿಯಲಿಲ್ಲ.

ದೊಡ್ಡಗಂಗಮ್ಮ ತಟ್ಟೆಯಲ್ಲಿದ್ದ ಮಲ್ಲಿಗೆ ದಂಡೆಯನ್ನು ಬೆರಳಿಂದ ಒಂದು ಸಲ ಸರಿಮಾಡಿದಳು, ಮತ್ತೆ ಕೆಡಿಸಿದಳು. ಕೊನೆಗೆ, "ಇಲ್ಲಿದೀನಮ್ಮ. ಬಾ," ಅಂದಳು.

ಶಾಮಿ ಕಂಬ ಬಿಟ್ಟಳು. ಕೈ ಮುಂದೆ ಚಾಚಿ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು. ದಾರಿಯಲ್ಲಿದ್ದ ಚೊಂಬಿಗೆ ಕಾಲು ತಗುಲಿ ಅದು ಉರುಳಿತು. ನೀರು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಆಂಜಿನಮ್ಮ ಏಳಲು ಹೋದಳು, ಮುನಿಯಲ್ಲಪ್ಪ ಅವಳ ಭುಜದ ಮೇಲೆ ಕೈಯಿಟ್ಟ. ಹುಡುಗಿಯ ಬೆರಳು ಮೊದಲು ತಟ್ಟೆಯ ಅಂಚಿಗೆ ತಗುಲಿತು, ಆಮೇಲೆ ಅದನ್ನು ಹಿಡಿದಿದ್ದ ಕೈಗೆ. ದೊಡ್ಡಗಂಗಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆಯಲಿಲ್ಲ, ಮುಂದಕ್ಕೆ ನೂಕಲೂ ಇಲ್ಲ. ಹುಡುಗಿಯನ್ನು ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನನ್ನ ಮಗ ಊರಿಗೆ ಬಂದ್ರೆ ಆ ದೀಪಗಳ ಮಾತು ಬಿಟ್ರೆ ಬೇರೆ ಆಡಲ್ಲ," ಅಂದಳು. "ಹಗಲು ಹೊತ್ತು ಅಲ್ಲಿ ಏನಿರುತ್ತೆ ಅಂತ ನಾನೂ ಕೇಳ್ಲಿಲ್ಲ ನೋಡು."

ಹೊರಗೆ ಗಾಡಿಯವನು ಎತ್ತು ಕಟ್ಟಿ, ಹೊತ್ತಾಯಿತು ಅಂತ ಎರಡು ಸಲ ಕೂಗಿದ. ದೊಡ್ಡಗಂಗಮ್ಮ ಏಳಲಿಲ್ಲ.